ಗಿರಾಕಿ ತಂದ ಮಾಲು, ನಮ್ಮ ಕೈಯಲ್ಲಿರುವ ಅಮಾನತ್

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ಬೆಳಗಾವಿ ಮತ್ತು ಖಾನಾಪುರದಲ್ಲಿ ನಾಮಫಲಕದ ವ್ಯಾಪಾರ ನಡೆಸುವ ಪಾಲುದಾರರ ಪರವಾಗಿ ಮಾಡಿದ ಮಾತಿನ ಬರಹ ರೂಪ)

 



ಕಸುಬಿನವರು ತಮ್ಮ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಟ್ರಸ್ಟಿನವರು ನಮ್ಮನ್ನು ಕರೆದಿದ್ದಾರೆ. ನಾವು ಬೋರ್ಡ್ ಮಾಡುವವರು. ಅಂಗಡಿಯ ಹೆಸರು, ಶಾಲೆಯ ಫಲಕ, ಮನೆ ಬಾಗಿಲಿನ ಪಟ್ಟಿ, ಮಸೀದಿ ಮತ್ತು ಮದರಸಾದ ಫಲಕ, ಅಡಿಗಲ್ಲು, ವಕೀಲರ ಹಿತ್ತಾಳೆಯ ಹೆಸರುಪಟ್ಟಿ, ಇವೇ ನಮ್ಮ ದುಡಿಮೆ. ಯಂತ್ರಗಳಿರುವ ಕಾರ್ಖಾನೆ ಬೆಳಗಾವಿಯಲ್ಲಿದೆ. ಖಾನಾಪುರದಲ್ಲಿ ಆರ್ಡರ್ ಹಿಡಿಯುವ ಒಂದು ಸಣ್ಣ ಅಂಗಡಿ ಇದೆ.

ನಮ್ಮ ಕಸುಬಿನಲ್ಲಿ ಜಗಳ ಹುಟ್ಟುವುದು ದರದ ಮೇಲೆ ಎಂದು ಹೊರಗಿನವರು ತಿಳಿದಿರುತ್ತಾರೆ. ದರದ ಜಗಳ ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ತೀರುತ್ತದೆ. ವರ್ಷಗಟ್ಟಲೆ ಮಾತು ಬಿಡಿಸುವ ಜಗಳ ಬೇರೆ ಇದೆ. ಗಿರಾಕಿ ತಾನೇ ಕೊಂಡು ತಂದುಕೊಟ್ಟ ಮಾಲು ಅಂಗಡಿಯವರ ಕೈಯಲ್ಲಿ ಹಾಳಾದಾಗ ಆ ಜಗಳ ಆಗುತ್ತದೆ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇವೆ. ಇಲ್ಲಿರುವ ಮಕ್ಕಳಲ್ಲಿ ಕೆಲವರು ಐಟಿಐ, ಡಿಪ್ಲೊಮಾ ಮುಗಿಸಿ ನಾಳೆ ಯಂತ್ರದ ಮುಂದೆ ನಿಲ್ಲುವವರು. ಕೆಲವರ ಮನೆಯಲ್ಲಿ ಹೊಲಿಗೆ, ಬಡಿಗತನ, ವೆಲ್ಡಿಂಗ್, ಗ್ಯಾರೇಜ್ ಕೆಲಸ ನಡೆದಿದೆ. ನಿಮ್ಮೆಲ್ಲರ ಕೈಗೂ ಬೇರೆಯವರ ವಸ್ತು ಬರುತ್ತದೆ.

ಇದು ಹೊಸ ವಿಷಯವೇನೂ ಅಲ್ಲ. ಹಿಟ್ಟಿನ ಗಿರಣಿ ನೋಡಿ. ಹತ್ತು ಮನೆಯ ಡಬ್ಬಿಗಳು ಸಾಲಾಗಿ ಇರುತ್ತವೆ. ಒಬ್ಬರ ಗೋಧಿ, ಇನ್ನೊಬ್ಬರ ಬಿಳಿಜೋಳ, ಮತ್ತೊಬ್ಬರ ರಾಗಿ. ಗಿರಣಿಯವನಿಗೆ ಸಿಗುವುದು ಬೀಸಿದ ಕೂಲಿ ಮಾತ್ರ, ಆದರೆ ಒಬ್ಬರ ಕಾಳು ಇನ್ನೊಬ್ಬರ ಡಬ್ಬಿಗೆ ಹೋಗದಂತೆ ನೋಡುವ ಹೊಣೆ ಅವನದೇ. ವಡಗಾವಿ, ಖಾಸಬಾಗ ಕಡೆಯ ಮಗ್ಗದ ಮನೆಗಳಲ್ಲಿ ಮಾಲೀಕರು ಕೊಟ್ಟ ನೂಲಿನಲ್ಲಿ ಸೀರೆ ನೇಯ್ದು ಮಜೂರಿ ಪಡೆಯುವವರಿದ್ದಾರೆ. ಉದ್ಯಮಬಾಗಿನಲ್ಲಿ ಫೌಂಡ್ರಿಯಿಂದ ಬಂದ ಎರಕದ ತುಂಡುಗಳನ್ನು ಲೇತ್‌ಗೆ ಹಾಕಿ ಬರೀ ಮಷಿನಿಂಗ್ ಮಾಡಿಕೊಡುವ ಘಟಕಗಳಿವೆ. ಬೆಳಗಾವಿ ದುಡಿದು ತಿನ್ನುವ ಊರು, ಆ ದುಡಿಮೆಯ ಒಂದು ದೊಡ್ಡ ಪಾಲು ಬೇರೆಯವರ ಮಾಲಿನ ಮೇಲೆಯೇ ನಡೆಯುತ್ತದೆ.

ನಮ್ಮ ಕಸುಬಿಗೆ ಇಂಥ ಮಾಲು ಬರುವುದು ಹೇಗೆ? 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ಊರಿನ ಹೆಸರು ಬೆಲ್ಗಾಮ್ ಹೋಗಿ ಬೆಳಗಾವಿ ಎಂದಾಯಿತು. ಹೆಸರು ಬದಲಾದರೆ ಬೋರ್ಡ್ ಬದಲಾಗಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾನೂನಿಗೆ 2024ರಲ್ಲಿ ತಿದ್ದುಪಡಿಯಾಗಿ, ವ್ಯಾಪಾರದ ಫಲಕದಲ್ಲಿ ಶೇ 60ರಷ್ಟು ಭಾಗ ಕನ್ನಡ ಇರಬೇಕು, ಅದು ಮೇಲಿನ ಅರ್ಧದಲ್ಲಿರಬೇಕು ಎಂದಾಯಿತು. ಇಂಥ ಹೊತ್ತಿನಲ್ಲಿ ಸಣ್ಣ ಅಂಗಡಿಯವರು ಹೊಸದಾಗಿ ಎಲ್ಲ ಮಾಡಿಸುವುದಿಲ್ಲ. "ಫ್ರೇಮ್ ಹಳೇದು ಚಲೋ ಐತ್ರಿ, ಹಾಳೆ ನಾವು ತಂದೇವ್ರಿ, ನೀವು ಅಕ್ಷರ ಕತ್ತರಿಸಿ ಕೊಡ್ರಿ ಸಾಕು" ಅನ್ನುತ್ತಾರೆ. ಖರ್ಚು ಉಳಿಸುವುದು ಅವರ ಹಕ್ಕು. ಬೇಡ ಅನ್ನಲು ನಮಗೆ ಮನಸ್ಸು ಬರುವುದಿಲ್ಲ.

ಆದರೆ ಲೆಕ್ಕ ಹೇಗಿದೆ ನೋಡಿ. ಉದಾಹರಣೆಗೆ ಗಿರಾಕಿ ತಂದ ಅಕ್ರಿಲಿಕ್ ಹಾಳೆ 3,000 ರೂಪಾಯಿಯದು, ನಮ್ಮ ಕಟಿಂಗ್ ಮಜೂರಿ 300 ಎಂದುಕೊಳ್ಳಿ. ನಮ್ಮ ಮಾಲಿನಲ್ಲೇ ಬೋರ್ಡ್ ಮಾಡಿದ್ದರೆ ಹಾಳೆಯ ಮೇಲೂ ಸ್ವಲ್ಪ ಲಾಭ ಇರುತ್ತಿತ್ತು, ಒಂದು ತುಂಡು ಕೆಟ್ಟರೆ ಅದರಲ್ಲಿ ಸರಿದೂಗಿಸಬಹುದಿತ್ತು. ಈಗ ಗಳಿಕೆ 300, ಅಪಾಯ 3,000. ಹಾಳಾದರೆ ಹತ್ತು ಗಿರಾಕಿಗಳ ಮಜೂರಿ ಒಬ್ಬರಿಗೇ ಹೋಯಿತು. ಆ ಕಡೆ ಗಿರಾಕಿಗೂ ಹಾಳೆ ಹೋಯಿತು, ಅಂಗಡಿ ಉದ್ಘಾಟನೆಯ ದಿನವೂ ಹೋಯಿತು. ಇಬ್ಬರಿಗೂ ನೋವಿದೆ. ಆದ್ದರಿಂದ ಯಾರ ಹೊಣೆ ಎಷ್ಟು ಎಂಬ ಮಾತು ಮೊದಲ ಕಟಿಂಗ್‌ಗೆ ಮುಂಚೆಯೇ ಆಗಬೇಕು. ಇವತ್ತು ನಾವು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮಾಲು ನಮ್ಮದೋ ಗಿರಾಕಿಯದೋ ಎಂಬುದರ ಮೇಲೆ ಇಡೀ ವ್ಯವಹಾರದ ಹೆಸರೇ ಬದಲಾಗುತ್ತದೆ. ಫಿಕ್ಹ್ ಬಲ್ಲವರಿಗೆ ಇದು ಗೊತ್ತಿದೆ. ಕಸುಬುದಾರನೇ ಮಾಲು ಹಾಕಿ ವಸ್ತು ಮಾಡಿಕೊಟ್ಟರೆ ಅದು ಇಸ್ತಿಸ್ನಾ. ಗಿರಾಕಿ ಮಾಲು ಕೊಟ್ಟು ಕೆಲಸ ಮಾತ್ರ ಮಾಡಿಸಿದರೆ ಅದು ಇಜಾರಾ, ಅಂದರೆ ದುಡಿಮೆಯ ಬಾಡಿಗೆ. ಎರಡನೆಯದರಲ್ಲಿ ಮಾಲು ಕಸುಬುದಾರನ ಕೈಯಲ್ಲಿದ್ದರೂ ಒಡೆತನ ಗಿರಾಕಿಯದೇ. ಜಿಎಸ್‌ಟಿ ಕಾನೂನಿನಲ್ಲೂ ಇದೇ ಗೆರೆ ಇದೆ. ನೋಂದಣಿ ಇರುವ ಇನ್ನೊಬ್ಬರ ಮಾಲಿನ ಮೇಲೆ ಮಾಡುವ ಕೆಲಸಕ್ಕೆ ಅದು ಜಾಬ್‌ವರ್ಕ್ ಎನ್ನುತ್ತದೆ. ತೆರಿಗೆ ಕಟ್ಟದೆ ಚಲನ್ ಮೇಲೆ ಕಳಿಸಿದ ಕಚ್ಚಾಮಾಲು ಒಂದು ವರ್ಷದೊಳಗೆ ಮರಳಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಹಾಗಾಗದಿದ್ದರೆ ಕಳಿಸಿದ ದಿನವೇ ಅದನ್ನು ಸರಬರಾಜು ಮಾಡಿದಂತೆ ಲೆಕ್ಕ ಹಿಡಿಯುತ್ತಾರೆ. ದೊಡ್ಡ ಕಂಪನಿಯವರ ಹಾಳೆ ನಮ್ಮ ಅಂಗಡಿಗೆ ಬಂದರೆ ಜೊತೆಗೆ ಚಲನ್ ಇದೆಯೇ ಎಂದು ಮೊದಲು ನೋಡುವುದು ಇದಕ್ಕೇ.

ಇನ್ನು ಹೊಣೆಯ ವಿಷಯ. 1872ರ ಭಾರತೀಯ ಒಪ್ಪಂದ ಕಾಯ್ದೆಯಲ್ಲಿ ಬೇರೆಯವರ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಪಡೆದು ಮರಳಿಸುವ ವ್ಯವಹಾರಕ್ಕೆಂದೇ 148ನೆಯ ಕಲಮಿನಿಂದ ಒಂದು ಅಧ್ಯಾಯ ಇದೆ. ಕೋರ್ಟಿಗೆ ಹೋಗಲಿ ಎಂದು ಇದನ್ನು ಹೇಳುತ್ತಿಲ್ಲ. ಅದರಲ್ಲಿ ಸಾಮಾನ್ಯ ಬುದ್ಧಿಯೇ ಬರಹಕ್ಕೆ ಇಳಿದಿದೆ. 151ನೆಯ ಕಲಮಿನ ಪ್ರಕಾರ, ಸಾಧಾರಣ ವಿವೇಕವುಳ್ಳ ಮನುಷ್ಯ ತನ್ನದೇ ಅಂಥ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನವನ್ನು ಬೇರೆಯವರ ವಸ್ತುವಿಗೂ ಮಾಡಬೇಕು. ಅಷ್ಟು ಮಾಡಿದ್ದೂ ಹಾನಿಯಾದರೆ, ವಿಶೇಷ ಕರಾರು ಇಲ್ಲದಿದ್ದಲ್ಲಿ, ಅವನು ಹೊಣೆಯಲ್ಲ ಎನ್ನುತ್ತದೆ 152. 150ನೆಯ ಕಲಮು ಗಿರಾಕಿಯ ಕರ್ತವ್ಯ ಹೇಳುತ್ತದೆ. ತಾನು ಕೊಡುವ ವಸ್ತುವಿನಲ್ಲಿ ತನಗೆ ಗೊತ್ತಿರುವ ದೋಷವನ್ನು, ಅದರಿಂದ ಅಪಾಯವಾಗುವಂತಿದ್ದರೆ, ಮೊದಲೇ ಹೇಳಬೇಕು. ಕಲಬೆರಕೆ ಬಗ್ಗೆಯೂ ಕಲಮುಗಳಿವೆ. 157ನೆಯ ಕಲಮಿನ ಉದಾಹರಣೆ ನಮ್ಮ ಗಿರಣಿಯದೇ ಕಥೆ. ಒಬ್ಬನ 45 ರೂಪಾಯಿಯ ಪೀಪಾಯಿ ಹಿಟ್ಟಿಗೆ ಇನ್ನೊಬ್ಬ ತನ್ನ 25 ರೂಪಾಯಿಯ ಹಿಟ್ಟು ಕೇಳದೆ ಬೆರೆಸಿದರೆ ನಷ್ಟ ತುಂಬಿಕೊಡಬೇಕು.

ನಮ್ಮ ಇಮಾಮರೂ ಇದನ್ನು ಆಳವಾಗಿ ಚರ್ಚಿಸಿದ್ದಾರೆ. ಹತ್ತು ಜನರ ಕೆಲಸ ಹಿಡಿಯುವ ಅಗಸ, ದರ್ಜಿಯಂಥವರ ಕೈಯಲ್ಲಿ ಬಟ್ಟೆ ಕಳೆದುಹೋದರೆ ಏನು? ಅದು ಅವರಲ್ಲಿರುವ ಅಮಾನತ್, ಅವರ ತಪ್ಪಿಲ್ಲದೆ ಹೋದರೆ ಹೊಣೆಯಿಲ್ಲ ಎಂಬುದು ಇಮಾಮ್ ಅಬೂ ಹನೀಫಾ ಅವರ ನಿಲುವು. ಅವರ ಶಿಷ್ಯರಾದ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಅವರು, ತಡೆಯಲಾಗದ ದೊಡ್ಡ ಬೆಂಕಿಯಂಥ ಕಾರಣ ಇದ್ದರೆ ಮಾತ್ರ ಬಿಡುಗಡೆ ಎಂದರು. ಆದರೆ ಒಗೆಯುವಾಗ ಬಡಿದು ಬಟ್ಟೆ ಹರಿದರೆ, ಅಂದರೆ ತನ್ನ ಕೈಯ ಕೆಲಸದಿಂದಲೇ ಹಾನಿಯಾದರೆ, ಅಗಸ ಹೊಣೆ ಎಂಬುದರಲ್ಲಿ ಈ ಮೂವರೂ ಒಂದೇ ಮಾತಿನವರು. ಜನರ ಮಾಲು ಉಳಿಯಬೇಕು, ಕಸುಬೂ ಉಳಿಯಬೇಕು ಎಂಬ ಕಾಳಜಿ ಈ ಚರ್ಚೆಯಲ್ಲಿದೆ.

ಈಗ ನಮ್ಮ ಮೇಜಿನ ಮೇಲೆ ಬರುವ ಮಾಲಿನ ವಿಷಯಕ್ಕೆ ಬರೋಣ. ಯಂತ್ರದ ಕೆಲಸ ಕಲಿಯುವ ಮಕ್ಕಳು ಇದನ್ನು ಗಮನವಿಟ್ಟು ಕೇಳಿ.

ಮೊದಲನೆಯದು ಪ್ಲಾಸ್ಟಿಕ್ ಹಾಳೆ. ಗಿರಾಕಿ "ಅಕ್ರಿಲಿಕ್" ಎಂದು ಕೊಟ್ಟದ್ದೆಲ್ಲ ಅಕ್ರಿಲಿಕ್ ಆಗಿರುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದು, ಯಾರದೋ ಗೋದಾಮಿನಲ್ಲಿ ಉಳಿದದ್ದು, ಹೆಸರಿಲ್ಲದ್ದು ಬರುತ್ತದೆ. ಅದು ಪಿವಿಸಿ ಆಗಿದ್ದು ನಾವು ಲೇಸರ್ ಹಾಯಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಅದು ಹುಡುಗರ ಕಣ್ಣು, ಗಂಟಲು, ಶ್ವಾಸಕೋಶ ಸುಡುತ್ತದೆ, ಯಂತ್ರದ ಹಳಿ ಮತ್ತು ಬೇರಿಂಗ್‌ಗಳಿಗೆ ತುಕ್ಕು ಹಿಡಿಸುತ್ತದೆ. ಗುರುತಿಸಲು ಹಳೆಯ ಸುಲಭ ಪರೀಕ್ಷೆ ಇದೆ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಹಾಳೆಯ ಮೂಲೆಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಬೇಕು. ಉರಿ ಹಸಿರು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕ್ಲೋರಿನ್ ಇದೆ, ಲೇಸರ್‌ಗೆ ಬೇಡ. ಗಾಳಿಯಾಡುವ ಜಾಗದಲ್ಲಿ, ಸಣ್ಣ ಚೂರಿನ ಮೇಲೆ ಮಾಡಬೇಕು. ಪಾಲಿಕಾರ್ಬೊನೇಟ್ ಹಾಳೆಯೂ ನೋಡಲು ಅಕ್ರಿಲಿಕ್‌ನಂತೆಯೇ ಇರುತ್ತದೆ, ಆದರೆ ಲೇಸರ್‌ನಲ್ಲಿ ಅಂಚು ಕಂದಾಗುತ್ತದೆ, ಹೊತ್ತಿಕೊಳ್ಳಲೂಬಹುದು. ಗಿರಾಕಿಗೆ ಇದೆಲ್ಲ ಗೊತ್ತಿರುವುದಿಲ್ಲ. ಗೊತ್ತಿರಬೇಕಾದವರು ನಾವು.

ನಿಜವಾದ ಅಕ್ರಿಲಿಕ್‌ನಲ್ಲೂ ಎರಡು ಬಗೆ. ಎರಕದ ಹಾಳೆಯ ಮೇಲೆ ಕೆತ್ತಿದರೆ ಅಕ್ಷರ ಬೆಳ್ಳಗೆ ಮಂಜಿನಂತೆ ಏಳುತ್ತದೆ. ಯಂತ್ರದಿಂದ ಒತ್ತಿ ಎಳೆದ ಅಗ್ಗದ ಹಾಳೆಯಲ್ಲಿ ಅಷ್ಟು ಬಿಳುಪು ಬರುವುದಿಲ್ಲ. "ಅವರ ಮನೆ ಪಟ್ಟಿ ಬೆಳ್ಳಗೆ ಬಂದಿದೆ, ನಮ್ಮದು ಯಾಕೆ ಮಂಕು?" ಎಂಬ ದೂರಿಗೆ ಕಾರಣ ಯಂತ್ರದಲ್ಲಿ ಇರುವುದಿಲ್ಲ, ಹಾಳೆಯಲ್ಲಿ ಇರುತ್ತದೆ. ಅದಕ್ಕೇ ಮೂಲೆಯಲ್ಲಿ ಒಂದು ಅಕ್ಷರ ಕೆತ್ತಿ ತೋರಿಸಿ, ಒಪ್ಪಿಗೆ ಪಡೆದು ಮುಂದುವರಿಯುವುದು ಒಳ್ಳೆಯದು.

ಎರಡನೆಯದು ಗಾಜು. ಟಫನ್ಡ್ ಗಾಜನ್ನು 600 ಡಿಗ್ರಿಗಿಂತ ಹೆಚ್ಚು ಕಾಯಿಸಿ ತಟ್ಟನೆ ತಣಿಸಿ ಮಾಡಿರುತ್ತಾರೆ. ಅದರ ಬಲ ಒಳಗಿನ ಬಿಗಿಯಲ್ಲಿದೆ. ಅದನ್ನು ಆಮೇಲೆ ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ. ಕೊರೆಯಲು ಹೋದರೆ ಇಡೀ ಗಾಜು ಸಾವಿರ ಚೂರು. "ನಾಲ್ಕು ತೂತು ಹಾಕಿ ಕೊಡ್ರಿ" ಎಂದು ಗಿರಾಕಿ ತಂದಾಗ ಮಾಡುತ್ತೇನೆ ಎಂದು ಒಪ್ಪಿಕೊಳ್ಳುವ ಧೈರ್ಯ ಯಾರೂ ಮಾಡಬಾರದು. ತೂತು ಇಲ್ಲದೆ ಕ್ಲಿಪ್ಪಿನಲ್ಲಿ ಹಿಡಿಸುವ ದಾರಿ ತೋರಿಸಬೇಕು.

ಮೂರನೆಯದು ಮರ. ಇದು ಖಾನಾಪುರದ ವಿಷಯ. ಕಣಕುಂಬಿ, ಭೀಮಗಡದ ಕಾಡು, ಮಲಪ್ರಭೆ ಹುಟ್ಟುವ ಆ ಮಳೆಯ ಸೀಮೆಯ ಮನೆಗಳಲ್ಲಿ ಹಳೆಯ ಸಾಗವಾನಿ ಹಲಗೆ ಇರುತ್ತದೆ. ಮಗಳ ಮನೆಗೆ ಹೆಸರು ಕೆತ್ತಿಸಬೇಕು ಎಂದು ಹಿರಿಯರು ಅದನ್ನು ಹೊತ್ತು ತರುತ್ತಾರೆ. ಮಳೆಗಾಲದ ಹಲಗೆ ನೀರು ಕುಡಿದಿರುತ್ತದೆ. ತೇವಾಂಶ ಶೇ 12ರ ಆಸುಪಾಸಿಗೆ ಇಳಿಯುವ ಮೊದಲು ಕೆತ್ತಿ ಪಾಲಿಶ್ ಮಾಡಿದರೆ, ಬೆಳಗಾವಿಯ ಬೇಸಿಗೆಯಲ್ಲಿ ಹಲಗೆ ಸೊಟ್ಟಗಾಗಿ ಸೀಳುತ್ತದೆ. ಅಕ್ಷರದ ನಡುವೆಯೇ ಬಿರುಕು ಬರುತ್ತದೆ. ತೇವ ಅಳೆಯುವ ಮೀಟರ್ ಹಿಡಿದು ಅಂಕಿ ತೋರಿಸಿ, "ಚಾಚಾ, ಇದು ಇನ್ನೂ ಒಣಗಬೇಕು, ಗೋಡೆಗೆ ಒರಗಿಸದೆ ನೆರಳಿನಲ್ಲಿ ಅಡ್ಡ ಪಟ್ಟಿ ಇಟ್ಟು ಮಲಗಿಸಿರಿ, ಆಮೇಲೆ ತನ್ನಿರಿ" ಎಂದು ಹೇಳಿ ಕಳಿಸಬೇಕು. ಅವಸರದ ಮಜೂರಿ ಬೇಡ. ಹೊಸದಾಗಿ ಕೊಯ್ದ ಸಾಗವಾನಿ ಅಥವಾ ಬೀಟೆ ಮರವಾದರೆ ಅರಣ್ಯ ಇಲಾಖೆಯ ರಹದಾರಿ, ಇಲ್ಲವೇ ಡಿಪೋದ ಬಿಲ್ಲು ಕೇಳುವುದು ಅವಮಾನವಲ್ಲ. ಕಾಗದ ಇಲ್ಲದ ಮರ ನಮ್ಮ ಅಂಗಡಿಯಲ್ಲಿ ಸಿಕ್ಕರೆ ನಾವೂ ಉತ್ತರ ಕೊಡಬೇಕಾಗುತ್ತದೆ.

ನಾಲ್ಕನೆಯದು ಫ್ಲೆಕ್ಸ್. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್, ಪಿವಿಸಿ ಬ್ಯಾನರ್‌ಗೆ ದೇಶದಲ್ಲೆಲ್ಲ ನಿಷೇಧವಿದೆ. ಗಿರಾಕಿ ತಾನೇ ರೋಲ್ ತಂದ ಎಂದ ಮಾತ್ರಕ್ಕೆ ಮುದ್ರಿಸುವವನ ಹೊಣೆ ತಪ್ಪುವುದಿಲ್ಲ. ಇಂಥ ಮಾಲು ಬಂದರೆ ಕೈ ಹಚ್ಚದೆ ಮರಳಿಸುವುದೇ ಸರಿ.

ಐದನೆಯದು ಕಣ್ಣಿಗೆ ಕಾಣದ ಮಾಲು. ಅಂದರೆ ಗಿರಾಕಿ ಕಳಿಸುವ ಫೈಲ್, ಲೋಗೊ, ಫೋಟೊ, ಹೆಸರಿನ ಅಕ್ಷರ. ನಮ್ಮ ಊರಿನ ಫಲಕದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್, ಕೆಲವೊಮ್ಮೆ ಉರ್ದು, ನಾಲ್ಕೂ ಇರುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಇನ್‌ಪೇಜ್‌ನಲ್ಲಿ ಬರೆದ ಉರ್ದುವಿನ ಒಂದು ನುಕ್ತೆ ಬಿದ್ದರೆ ಹೆಸರೇ ಬೇರೆಯಾಗುತ್ತದೆ. ಯಂತ್ರ ನಡೆಸುವ ಹುಡುಗನಿಗೆ ಆ ಲಿಪಿ ಬಾರದಿರಬಹುದು. ಆದ್ದರಿಂದ ಪ್ರೂಫ್ ಕಾಗದದ ಮೇಲೆ ತೆಗೆದು, ಆ ಭಾಷೆ ಓದಬಲ್ಲ ಮನೆಯವರಿಂದಲೇ ಸಹಿ ಹಾಕಿಸಬೇಕು. ಕೆಲಸ ಮುಗಿದ ಮೇಲೆ ಆ ಫೋಟೊ, ಆ ಲೋಗೊ ಇನ್ನೊಬ್ಬರ ಬೋರ್ಡಿಗೆ ಬಳಸಬಾರದು. ಅದೂ ಅವರ ಸೊತ್ತೇ.

ಈಗ ಅಂಗಡಿಯ ಕ್ರಮ ಹೇಳುತ್ತೇವೆ. ಇದಕ್ಕೆ ದೊಡ್ಡ ಬಂಡವಾಳ ಬೇಡ, ಒಂದು ಚೀಟಿ ಪುಸ್ತಕ ಮತ್ತು ಫೋನ್ ಸಾಕು.

ಮಾಲು ಒಳಗೆ ಬರುವಾಗ ಗಿರಾಕಿಯ ಎದುರಿಗೇ ಬಿಚ್ಚಿ ನೋಡುತ್ತೇವೆ. ಅಳತೆ, ದಪ್ಪ, ಎಷ್ಟು ತುಂಡು, ಮೊದಲೇ ಇರುವ ಗೀರು, ಮುಕ್ಕಾದ ಮೂಲೆ, ಎಲ್ಲ ಚೀಟಿಯಲ್ಲಿ ಬರೆದು ಎರಡು ಕಡೆಯಿಂದ ಫೋಟೊ ತೆಗೆಯುತ್ತೇವೆ. ಚೀಟಿಯ ಒಂದು ಪ್ರತಿ ಅವರಿಗೆ. ಹಾಳೆಯ ಮೇಲಿನ ರಕ್ಷಣಾ ಕಾಗದವನ್ನು ನೋಡುವ ಆತುರಕ್ಕೆ ಪೂರ್ತಿ ಕೀಳುವುದಿಲ್ಲ, ಒಂದು ಮೂಲೆ ಎತ್ತಿ ನೋಡಿ ಮತ್ತೆ ಅಂಟಿಸುತ್ತೇವೆ. ಮೇಲೆ ಹೆಸರಿನ ಪಟ್ಟಿ ಅಂಟಿಸಿ, ನಮ್ಮ ಹಾಳೆಗಳ ಜೊತೆ ಬೆರೆಸದೆ ಬೇರೆ ಕಪಾಟಿನಲ್ಲಿ ನಿಲ್ಲಿಸುತ್ತೇವೆ. ಖಾನಾಪುರದಲ್ಲಿ ಪಡೆದ ಮಾಲು ಬೆಳಗಾವಿಗೆ ಬರುವ ದಾರಿಯಲ್ಲೂ ನಮ್ಮ ಹೊಣೆಯೇ. ಟೆಂಪೊದಲ್ಲಿ ಬಂದದ್ದನ್ನು ಕಾರ್ಖಾನೆಯಲ್ಲಿ ಇಳಿಸಿಕೊಳ್ಳುವವರು ಚೀಟಿ ಹಿಡಿದು ಮತ್ತೊಮ್ಮೆ ನೋಡುತ್ತಾರೆ. ಪೆಟ್ಟು ಎಲ್ಲಿ ಬಿತ್ತು ಎಂಬ ಪ್ರಶ್ನೆಗೆ ಆಗ ಉತ್ತರ ಇರುತ್ತದೆ.

ಆಮೇಲೆ ಮಾತು. ಇದು ಚೀಟಿಗಿಂತ ದೊಡ್ಡದು. "ಗಿರಾಕಿಯ ಮಾಲಿಗೆ ಅಂಗಡಿ ಜವಾಬ್ದಾರಿಯಲ್ಲ" ಎಂದು ಗೋಡೆಗೆ ಫಲಕ ತೂಗುಹಾಕುವವರಿದ್ದಾರೆ. ಆ ಫಲಕ ಮಾಡಿಕೊಡುವವರೂ ನಾವೇ. ಆದರೆ ಅದನ್ನು ಓದಿದ ಗಿರಾಕಿಗೆ ಏನೂ ತಿಳಿಯುವುದಿಲ್ಲ, ಹಾನಿಯಾದ ದಿನ ಮೋಸ ಹೋದೆ ಅನಿಸುತ್ತದೆ. ನಾವು ಬಾಯಿ ಬಿಟ್ಟು ಹೇಳುತ್ತೇವೆ. "ಈ ಹಾಳೆ ಯಾವ ಬಗೆ ಎಂದು ನಮಗೆ ಖಾತ್ರಿ ಇಲ್ಲ. ಮೂಲೆಯಲ್ಲಿ ಪರೀಕ್ಷೆ ಮಾಡುತ್ತೇವೆ. ಹಾಳೆಯ ಒಳಗಿನ ದೋಷದಿಂದ ಕೆಟ್ಟರೆ ಹಾಳೆ ನಿಮ್ಮದು ಹೋಯಿತು, ಮಜೂರಿ ನಮ್ಮದು ಹೋಯಿತು. ನಮ್ಮ ಅಳತೆ, ನಮ್ಮ ಕೈ ತಪ್ಪಿ ಕೆಟ್ಟರೆ ಹಾಳೆ ನಾವು ತಂದು ಹಾಕುತ್ತೇವೆ. ಸಾಧ್ಯವಿದ್ದರೆ ಒಂದು ತುಂಡು ಹೆಚ್ಚು ತನ್ನಿ." ಈ ಐದು ವಾಕ್ಯ ಹೇಳಲು ಎರಡು ನಿಮಿಷ ಬೇಕು. ಕೇಳಿದ ಮೇಲೆ ಕೆಲವರು "ಹಂಗಾದ್ರ ಹಾಳೆ ನೀವೇ ಹಾಕ್ರಿ" ಅನ್ನುತ್ತಾರೆ. ಕೆಲವರು ಒಪ್ಪುತ್ತಾರೆ. ಎರಡೂ ಒಳ್ಳೆಯದೇ, ಏಕೆಂದರೆ ಆರಿಸಿಕೊಂಡವರು ಅವರೇ.

ಉಳಿದ ಕಟ್‌ಪೀಸ್ ಗಿರಾಕಿಯದು. ದರ್ಜಿಯ ಅಂಗಡಿಯಲ್ಲಿ ಉಳಿದ ಬಟ್ಟೆಯ ಬಗ್ಗೆ ಜನ ಆಡುವ ಮಾತು ನಿಮಗೆ ಗೊತ್ತು. ಅಂಗೈಯಗಲದ ಅಕ್ರಿಲಿಕ್ ತುಂಡೂ ಒಂದು ಕೀ-ಚೈನ್ ಆಗಿ ಮಾರಾಟವಾಗುತ್ತದೆ. ಅದಕ್ಕೇ ಬೋರ್ಡಿನ ಜೊತೆ ಕಟ್‌ಪೀಸ್ ಕಟ್ಟಿ ಮುಂದಿಡುತ್ತೇವೆ. "ಬ್ಯಾಡ್ರಿ, ನೀವೇ ಇಟ್ಟುಕೊಳ್ರಿ" ಎಂದರೆ ಆಗ ಅದು ನಮ್ಮದು. ಕೇಳದೆ ಇಟ್ಟುಕೊಂಡದ್ದು ನಮ್ಮದಾಗುವುದಿಲ್ಲ.

ಮಜೂರಿ ಕೊಡದಿದ್ದರೆ? ಕೆಲಸ ಮುಗಿಸಿದ ವಸ್ತುವನ್ನು, ಆ ಕೆಲಸದ ಕೂಲಿ ಬರುವವರೆಗೆ ಹಿಡಿದಿಟ್ಟುಕೊಳ್ಳುವ ಹಕ್ಕನ್ನು 170ನೆಯ ಕಲಮು ಕೊಡುತ್ತದೆ. ಆದರೆ ಉದ್ರಿಗೆ ಒಪ್ಪಿಕೊಂಡಿದ್ದರೆ ಆ ಹಕ್ಕು ಇಲ್ಲ. ಬಟ್ಟೆ ಹೊಲಿದು ಮೂರು ತಿಂಗಳ ಉದ್ರಿ ಕೊಟ್ಟ ದರ್ಜಿಯ ಉದಾಹರಣೆ ಅಲ್ಲೇ ಇದೆ. ಹಳೆಯ ಬೇರೆ ಬಾಕಿಗಾಗಿ ಈಗಿನ ಮಾಲು ಹಿಡಿಯುವುದೂ ನಮ್ಮಂಥ ಕಸುಬಿನವರಿಗೆ ಸಲ್ಲದು. ಕೆಲಸ ಮುಗಿದ ಮೇಲೆ ಕೇಳುವವರೆಗೆ ಕಾಯದೆ ಮರಳಿಸಬೇಕು ಎನ್ನುತ್ತದೆ 160. ನಮ್ಮ ತಪ್ಪಿನಿಂದ ತಡವಾದರೆ, ಆ ಹೊತ್ತಿನಿಂದ ಆಗುವ ಹಾನಿಯೂ ನಮ್ಮ ಮೇಲೆ ಬರುತ್ತದೆ.

ಉದ್ಯಮಬಾಗಿನ ಐಎಸ್‌ಒ ಪ್ರಮಾಣಪತ್ರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇದೆಲ್ಲ ಪರಿಚಿತ ಅನಿಸುತ್ತಿರಬಹುದು. ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 8.5.3 ಎಂಬ ವಿಭಾಗ ಗ್ರಾಹಕರ ಸೊತ್ತಿನ ಬಗ್ಗೆಯೇ ಇದೆ. ಗುರುತಿಸು, ಪರಿಶೀಲಿಸು, ಕಾಪಾಡು, ಹಾಳಾದರೆ ಅಥವಾ ಕಳೆದರೆ ಅವರಿಗೆ ತಿಳಿಸು, ದಾಖಲೆ ಇಡು, ಇಷ್ಟೇ ಅದರ ಸಾರ. ಬೌದ್ಧಿಕ ಸೊತ್ತು, ವೈಯಕ್ತಿಕ ಮಾಹಿತಿಯನ್ನೂ ಅದು ಸೇರಿಸಿದೆ. ಜಗತ್ತಿನ ದೊಡ್ಡ ಕಾರ್ಖಾನೆ ಪಾಲಿಸುವ ನಿಯಮವನ್ನು ಗಲ್ಲಿಯ ಅಂಗಡಿಯೂ ಚೀಟಿ ಪುಸ್ತಕದಿಂದ ಪಾಲಿಸಬಹುದು.

ಈ ಐದರಲ್ಲಿ ಕಷ್ಟದ್ದು ನಾಲ್ಕನೆಯದು, ತಿಳಿಸುವುದು. ಹಾನಿಯಾದಾಗ ಅದನ್ನು ಮೊದಲು ಕಾಣುವವನು ಮಾಲೀಕನಲ್ಲ, ಯಂತ್ರದ ಹತ್ತಿರ ನಿಂತ ಹುಡುಗ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ತಿಂಗಳ ಸಂಬಳದಲ್ಲಿ ಮನೆ ನಡೆಸುವವನು. "ಹೇಳಿದರೆ ಸಂಬಳ ಹೋಗುತ್ತದೆ" ಎಂಬ ಭಯ ಇದ್ದರೆ ಅವನು ಬಿರುಕಿನ ಮೇಲೆ ವಿನೈಲ್ ಅಂಟಿಸಿ ಮುಚ್ಚುತ್ತಾನೆ. ಆ ಬೋರ್ಡ್ ರಸ್ತೆಯ ಮೇಲೆ, ಜನರ ತಲೆಯ ಮೇಲೆ, ಗಾಳಿಗೆ ಮಳೆಗೆ ನೇತಾಡುತ್ತದೆ. ಹಳೆಯ ಫ್ರೇಮಿನಲ್ಲಿ ಕರೆಂಟಿನ ತಂತಿ ಬಿಚ್ಚಿಕೊಂಡದ್ದನ್ನು ನೋಡಿಯೂ ಹೇಳದಿದ್ದರೆ ಮಳೆಯ ದಿನ ಶಟರ್ ಎತ್ತುವವನಿಗೆ ಶಾಕ್ ಹೊಡೆಯುತ್ತದೆ. ಒಂದು ಹಾಳೆಯ ಬೆಲೆ ಎಲ್ಲಿ, ಒಂದು ಜೀವ ಎಲ್ಲಿ?

ಅದಕ್ಕೇ ಅಂಗಡಿ ನಡೆಸುವ ಸೋದರರಿಗೆ ನಮ್ಮ ವಿನಂತಿ. ಅದೇ ದಿನ ಬಂದು ಹೇಳಿದ ಹುಡುಗನ ಸಂಬಳಕ್ಕೆ ಕೈ ಹಾಕಬೇಡಿ. ವೇತನದ ಕಾನೂನು ಕೂಡ, ಕೆಲಸಗಾರನ ನಿರ್ಲಕ್ಷ್ಯದಿಂದಲೇ ಹಾನಿಯಾಗಿದ್ದು, ಅವನ ಮಾತು ಕೇಳಿದ ನಂತರ ಮಾತ್ರ, ಹಾನಿಯ ಮೊತ್ತ ಮೀರದಂತೆ ಕಡಿತ ಮಾಡಲು ಬಿಡುತ್ತದೆ. ಆದರೆ ಕಾನೂನು ಬಿಟ್ಟದ್ದನ್ನೆಲ್ಲ ಮಾಡಬೇಕೆಂದಿಲ್ಲ. ಮಜೂರಿಯಲ್ಲೇ ಸ್ವಲ್ಪ ಭಾಗವನ್ನು ಹಾನಿಗೆಂದು ತೆಗೆದಿಟ್ಟರೆ ನಷ್ಟ ಅಂಗಡಿ ಹೊರಬಹುದು, ಹುಡುಗ ಹೊರಲಾರ. ಹೇಳಿದವನನ್ನು ಇವತ್ತು ಶಿಕ್ಷಿಸಿದರೆ ನಾಳೆ ಯಾರೂ ಹೇಳುವುದಿಲ್ಲ. ಮಕ್ಕಳಿಗೂ ಒಂದು ಮಾತು. ಎಂಥ ಗದರುವ ಮಾಲೀಕನಾದರೂ ಸರಿ, ಹೇಳಿಬಿಡಿ. ಮುಚ್ಚಿಟ್ಟ ಬಿರುಕು ಬೆಳೆಯುತ್ತಲೇ ಹೋಗುತ್ತದೆ.

ಕೆಲವು ಮಾಲಿಗೆ ಬದಲಿ ಇಲ್ಲ ಎಂಬುದನ್ನೂ ಹೇಳಬೇಕು. ಅಕ್ರಿಲಿಕ್ ಹಾಳೆ ಪೇಟೆಯಲ್ಲಿ ಮತ್ತೆ ಸಿಗುತ್ತದೆ. ಅಜ್ಜ ಕೈಯಾರೆ ಬಣ್ಣದಲ್ಲಿ ಬರೆದ ತಗಡಿನ ಬೋರ್ಡ್, ತಂದೆಯ ಕಾಲದ ಹಿತ್ತಾಳೆ ಅಕ್ಷರ, ತೀರಿಕೊಂಡವರ ಒಂದೇ ಒಂದು ಫೋಟೊ, ಇವು ಸಿಗುವುದಿಲ್ಲ. ಇಂಥದ್ದು ಬಂದಾಗ "ಇದರ ಬೆಲೆ ಎಷ್ಟು?" ಎಂದು ಕೇಳಿ ಪ್ರಯೋಜನವಿಲ್ಲ. ಮೂಲಕ್ಕೆ ಕೈ ಹಚ್ಚದೆ ಫೋಟೊ ತೆಗೆದು, ಅಳತೆ ಹಿಡಿದು, ಅದೇ ಅಕ್ಷರದಲ್ಲಿ ಹೊಸದನ್ನು ಮಾಡಿ, ಹಳೆಯದನ್ನು ಇದ್ದ ಹಾಗೇ ಮರಳಿಸುತ್ತೇವೆ. ಮೂಲದ ಮೇಲೆಯೇ ಕೆಲಸ ಆಗಬೇಕೆಂದರೆ ಮನೆಯ ಹಿರಿಯರು ಎದುರಿಗೆ ಕೂತಿರಬೇಕು ಎನ್ನುತ್ತೇವೆ. ಬೇಡ ಎನ್ನುವುದೂ ಕೆಲವೊಮ್ಮೆ ಜೋಪಾನದ ಒಂದು ಬಗೆ.

ದಾನಿಗಳಿಗೆ ಒಂದು ಮಾತು ಹೇಳಿ ಮುಗಿಸುತ್ತೇವೆ. ಟ್ರಸ್ಟಿನ ಕೆಲಸವೂ ಒಂದು ರೀತಿಯಲ್ಲಿ ಗಿರಾಕಿ ತಂದ ಮಾಲಿನ ಕೆಲಸವೇ. ಹಣ ಟ್ರಸ್ಟಿನ ಕೈಯಲ್ಲಿದ್ದರೂ ಅದು ಕೊಟ್ಟವರ ಉದ್ದೇಶಕ್ಕೆ ಕಟ್ಟುಬಿದ್ದಿದೆ. ಝಕಾತ್ ಎಂದು ಕೊಟ್ಟದ್ದು, ವಿದ್ಯಾರ್ಥಿವೇತನಕ್ಕೆಂದು ಕೊಟ್ಟದ್ದು, ಕಟ್ಟಡಕ್ಕೆಂದು ಕೊಟ್ಟದ್ದು, ಗಿರಣಿಯ ಡಬ್ಬಿಗಳಂತೆ ಬೇರೆ ಬೇರೆ ನಿಲ್ಲಬೇಕು. ಈ ವಾರ್ಷಿಕ ವರದಿ ಅದರ ಚೀಟಿ. ದಯವಿಟ್ಟು ಲೆಕ್ಕದ ಪುಟಗಳನ್ನು ಓದಿರಿ, ಸಂಶಯ ಬಂದಲ್ಲಿ ಕೇಳಿರಿ. ಕೇಳುವ ದಾನಿ ಟ್ರಸ್ಟಿಗೆ ಭಾರವಲ್ಲ, ಬಲ.

ಮಕ್ಕಳೇ, ನಿಮಗೆ ಸಿಗುವ ಹಣದಲ್ಲಿ ಫೀ ಕಟ್ಟಿದ ರಸೀದಿ, ಪುಸ್ತಕದ ಬಿಲ್ಲು ಜೋಪಾನವಾಗಿ ಇಡಿರಿ. ಕಾಲೇಜು ಬದಲಾದರೆ, ಅನಾರೋಗ್ಯದಿಂದ ವರ್ಷ ತಪ್ಪಿದರೆ, ಅಂಕ ಕಡಿಮೆಯಾದರೆ ಕೂಡಲೇ ಟ್ರಸ್ಟಿಗೆ ತಿಳಿಸಿರಿ. ತಿಳಿಸಿದರೆ ದಾರಿ ಹುಡುಕಬಹುದು. ತಂದೆತಾಯಂದಿರೇ, ಮಕ್ಕಳು ಬಂದು ಹೇಳುವಷ್ಟು ಧೈರ್ಯ ಮನೆಯಲ್ಲಿ ಕೊಡಿರಿ.

 ಅಲ್ಲಾಹನು ಈ ಮಕ್ಕಳ ವಿದ್ಯೆಯಲ್ಲಿ, ನಿಮ್ಮೆಲ್ಲರ ದುಡಿಮೆಯಲ್ಲಿ ಬರಕತ್ ನೀಡಲಿ.